ಇನ್ನೂ ಸ್ವಲ್ಪ ಕೀಸಬೇಕಾದ ಹಲಗೆ

೧
ಎಲ್ಲಿಂದ ಶುರು ಮಾಡಲಿ? 'ಕನ್ನಡಕದವರು ಕೀಸುಳಿ ಎತ್ತಿಕೊಂಡರು' ಎಂದು ಬರೆದೆ, ಹೊಡೆದುಹಾಕಿದೆ. ಓದುಗರೇ, ನೀವು ಕೇಳುವುದು ಗೊತ್ತು: ಕನ್ನಡಕ ಮಾರುತ್ತಿದ್ದವರಿಗೆ ಬಡಗಿಯ ಕೀಸುಳಿ ಏಕೆ? ಅಂಗಡಿ ಮುಚ್ಚಿದ ಮೇಲೆ ಅವರಿಗೆ ಗಿಟಾರ್ ಕಟ್ಟುವ ಹುಚ್ಚು ಹಿಡಿಯಿತು. ಮನೆಯ ಹಿಂದಿನ ಕೋಣೆಯಲ್ಲಿ, ಕೈಯಿಂದಲೇ, ಕ್ಲಾಸಿಕಲ್ ಗಿಟಾರ್. ನುಡಿಸಲು ಮಾತ್ರ ಬಾರದು. (ಕಥೆ ಬರೆಯಲು ಬಾರದೆ ಬರೆಯುವವರಿಲ್ಲವೇ? ಹಾಗೆ.)

೨
ಗಿಟಾರಿನ ಜೀವವೆಲ್ಲ ಮುಂಭಾಗದ ಹಲಗೆಯಲ್ಲಿ. ಅದನ್ನು ಕೀಸಬೇಕು, ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಬೇಕು, ಮತ್ತೆ ಕೀಸಬೇಕು. ದಪ್ಪ ಉಳಿದರೆ ಹಲಗೆ ಮೂಕ. ತೀರ ತೆಳುವಾದರೆ ದನಿ ಸತ್ತೇಹೋಯಿತು. ನಡುವೆ ಎಲ್ಲೋ ಒಂದು ಕಡೆ ಅದು ಮಿಡಿಯುತ್ತದೆ. ಅಲ್ಲಿ ಕೈ ನಿಲ್ಲಬೇಕು.

ಕನ್ನಡಕದವರ ಕಣ್ಣು ಚುರುಕು, ಕಿವಿ ಮಂದ. ಹಾಗಾಗಿ ಕಿವಿಯ ಕೆಲಸ ಹೆಂಡತಿಯದು. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಸ್ವೆಟರ್ ಹೆಣೆಯುತ್ತ, ತಲೆಯೆತ್ತದೆ ಆಕೆ ಹೇಳುತ್ತಿದ್ದರು: "ಇನ್ನೂ." ಮತ್ತೆ ತಟ್ಟಿದರೆ, "ಇನ್ನೂ ಸ್ವಲ್ಪ." ಕೊನೆಗೆ, "ಸಾಕು ಕಣ್ರೀ."

(ಇಲ್ಲಿ ಮರದ ಜಾತಿಗಳ ಬಗ್ಗೆ ಒಂದು ಪ್ಯಾರಾ ಇತ್ತು. ಕಿತ್ತುಹಾಕಿದೆ. ಜಗಳದ ಸಂಗತಿಯನ್ನು ಮುಂದೂಡಲೆಂದೇ ಬರೆದದ್ದು.)

೩
ಜಗಳವಾದದ್ದು ಆಕೆಗೆಂದೇ ಕಟ್ಟುತ್ತಿದ್ದ ಗಿಟಾರಿನ ಮೇಲೆ. ಆಕೆ ಸಾಕು ಎಂದರು. ಇವರಿಗೆ ಅಂದೇನು ಗ್ರಹಚಾರವೋ, "ನಿಂಗೇನ್ ಗೊತ್ತು? ಸುಮ್ನೆ ಸ್ವೆಟರ್ ಹೆಣಿ," ಎಂದು ಇನ್ನಷ್ಟು ಕೀಸಿದರು. ತಟ್ಟಿದರೆ ಒದ್ದೆ ರಟ್ಟಿನ ಸದ್ದು. ಅದು ಇವರ ಕಿವಿಗೂ ಕೇಳಿಸಿತು.

"ನಾನು ಹಾಗಂದಿಲ್ಲ," ಎಂದು ಕನ್ನಡಕದವರು ಈಗ ನನ್ನ ಮೇಲೆ ಹರಿಹಾಯುತ್ತಾರೆ.

"ಅಂದ್ರಿ ಸ್ವಾಮಿ. ಬೇಡಾಂದ್ರೆ ಹೊಡೆದುಹಾಕ್ಲಾ?"

ಕೀಸುಳಿಯ ಅಲಗು ಒರೆಸುತ್ತ, "ಬೇಡ, ಇರ್ಲಿ," ಎಂದರು.

'ನಾನು ಹೇಳ್ಲಿಲ್ವಾ' ಎಂದು ಆಕೆ ಚುಚ್ಚಲಿಲ್ಲ. ನೂಲಿನುಂಡೆ ಎತ್ತಿಕೊಂಡು ಒಳಗೆ ಹೋದರು. ಆ ಕೋಣೆಗೆ ಮತ್ತೆ ಕಾಲಿಡಲಿಲ್ಲ. 'ಬಾರೇ' ಎನ್ನಲು ಇವರ ಬಾಯಿಗೆ ಬೀಗ. ನಾಳೆ ಕರೆದರಾಯಿತು, ನಾಡಿದ್ದು ಕರೆದರಾಯಿತು ಎನ್ನುತ್ತಿರುವಾಗಲೇ ಆಕೆ ಹಾಸಿಗೆ ಹಿಡಿದರು. ಇವರಿಗಿಂತ ಮೊದಲು ದೇವರು ಕರೆದ.

೪
ಅದೇ ಮರದಿಂದ ಕೊಯ್ದ ಇನ್ನೊಂದೇ ಹಲಗೆ ಉಳಿದಿದೆ. ಇದೂ ಕೆಟ್ಟರೆ ಆಕೆಯ ಗಿಟಾರ್ ಇಲ್ಲ. ಇವತ್ತು ಅದನ್ನೇ ಕೀಸುತ್ತಿದ್ದಾರೆ. ಕಥೆಗೊಂದು ಕೊನೆ ಬೇಕಲ್ಲ, ಹುಡುಕಿದೆ.

ಒಂದು ಕೊನೆ: ಮಗಳು ಬಂದು ಮೊಬೈಲ್ ಹಿಡಿಯುತ್ತಾಳೆ. "ಅಪ್ಪಾ, ಈ ಆ್ಯಪ್ ಸೌಂಡ್ ಅಳೆಯುತ್ತೆ. ನೀನು ತಟ್ಟು."

"ಎಷ್ಟು ಅಂತ ಹೇಳುತ್ತಮ್ಮಾ. ಸಾಕು ಅಂತ ಹೇಳುತ್ತಾ?"

"ಅಮ್ಮನ ಹಾಗೆ ಗೊಣಗೋದೂ ಇಲ್ಲ, ಬಿಡು."

ಇಬ್ಬರೂ ನಗುತ್ತಾರೆ. ನಗು ಬೇಗ ಮುಗಿಯುತ್ತದೆ. ಮಗಳು ಮೊಬೈಲ್ ಒಳಗಿಟ್ಟು, ಅಪ್ಪನ ತೋಳಿಗಂಟಿದ ಮರದ ಪುಡಿ ಕೊಡವಿ ಹೊರಡುತ್ತಾಳೆ. ಈ ಕೊನೆ ಕೊನೆಯಾಗಲಿಲ್ಲ.

ಇನ್ನೊಂದು: ಆಕೆಯನ್ನೇ ಸ್ಟೂಲಿನ ಮೇಲೆ ಮತ್ತೆ ಕೂರಿಸಿಬಿಡುವುದು. ಕಾಗದದ ಮೇಲೆ ಏನು ಕಷ್ಟ? ಪೆನ್ನು ಊರಿದೆ. ಆಕೆಯೇ ತಡೆದರು. "ನನ್ನ ಮಾತು ನೀವ್ಯಾಕೆ ಆಡ್ತೀರಿ? ಅವರು ಕರೀಲಿ ಮೊದ್ಲು."

ಸತ್ತವರನ್ನು ಎಬ್ಬಿಸುವುದು ಭಗವಂತನ ಕೆಲಸ. ಆಕೆಯನ್ನು ಕೂರಿಸಲು ಹೊರಟ ವಾಕ್ಯವನ್ನೂ ಹೊಡೆದುಹಾಕಿದೆ.

೫
ಕನ್ನಡಕದವರು ಹಲಗೆಯ ಮೇಲಿನ ಪುಡಿ ಊದಿದರು. ಕಿವಿಗೆ ಹಿಡಿದು ತಟ್ಟಿದರು. ಕತ್ತು ತಾನಾಗಿ ಕಿಟಕಿಯ ಕಡೆ ತಿರುಗಿತು.

"ಬಾರೇ," ಎಂದರು, ಮೆಲ್ಲಗೆ.

ಮುಂದೇನು ಎಂದು ನನ್ನನ್ನು ಕೇಳಬೇಡಿ. ಹಲಗೆ ಕಿವಿಯ ಬಳಿಯೇ ಇದೆ, ಕತ್ತು ಸ್ಟೂಲಿನ ಕಡೆಗೇ ಇದೆ. ಅದನ್ನು ಈ ಕಡೆ ತಿರುಗಿಸುವ ವಾಕ್ಯ ನನ್ನ ಹತ್ತಿರ ಇಲ್ಲ.