ಜೋಡಿ ಗುಂಡು

ಕೊಡಗು ಇನ್ನೂ ತನ್ನದೇ ರಾಜ್ಯವಾಗಿದ್ದ ಕಾಲ. ಕೋಳಿ ಕೊಯ್ದರೆ ಕಣ್ಣು ಮುಚ್ಚುವವಳು ಡಾಕ್ಟರಾಗುತ್ತಾಳಂತೆ ಎಂದು ಶನಿವಾರಸಂತೆಯ ಏಲಕ್ಕಿ ವ್ಯಾಪಾರಿ ಕರಿಬಸಪ್ಪ ಮಗಳನ್ನು ಗೇಲಿ ಮಾಡಿದ್ದೇ ಮಾಡಿದ್ದು. ಕೊನೆಗೆ, ಒಂದು ತಿಂಗಳು ಯಾವುದಾದರೂ ದವಾಖಾನೆಯಲ್ಲಿ ಬಿಟ್ಟಿ ದುಡಿದು ಬಾ, ಆಮೇಲೆ ಮೈಸೂರಿನ ಮೆಡಿಕಲ್ ಕಾಲೇಜಿನ ಮಾತು ಎಂದ. ಇಂಟರ್‌ಮೀಡಿಯೆಟ್ ಮುಗಿಸಿದ್ದ ಶಕುಂತಲೆ ಹಟಮಾರಿ. ಮರುವಾರವೇ ಗಾಳಿಬೀಡಿನ ಪುಟ್ಟ ದವಾಖಾನೆಗೆ ಬಂದು ನರ್ಸ್ ಬೋಜಮ್ಮನ ಕೈಕೆಳಗೆ ನಿಂತಳು. ಹನ್ನೊಂದು ದಿನ ಬ್ಯಾಂಡೇಜು ಒಗೆದಳು, ಸಿರಿಂಜು ಕುದಿಸಿದಳು, ಕೀವು ಒರೆಸಿದಳು. ತಲೆ ತಿರುಗಲಿಲ್ಲ, ಊಟ ಮಾತ್ರ ಸೇರುತ್ತಿರಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ನಾಲ್ವರು ಜಯಪ್ಪನೆಂಬ ರೈತನನ್ನು ಕಂಬಳಿಯಲ್ಲಿ ಹೊತ್ತು ತಂದರು. ಗದ್ದೆಯ ನೀರಿಗಾಗಿ ಜಗಳ. ದಾಯಾದಿ ಸುಬ್ಬ ಕತ್ತಿ ಬೀಸಿದ್ದ. ಏಟು ತೊಡೆಸಂದಿಗೇ ಬಿದ್ದಿತ್ತು, ಬಿಗಿದು ಕಟ್ಟೋಣವೆಂದರೆ ಜಾಗವೇ ಇಲ್ಲ. ದಾರಿಯುದ್ದಕ್ಕೂ ಗಾಯಕ್ಕೆ ಒತ್ತಿ ಹಿಡಿದಿದ್ದ ಬಟ್ಟೆ ತೆಗೆದದ್ದೇ ರಕ್ತ ಗೋಡೆಗೆ ಚಿಮ್ಮಿತು. ಬೋಜಮ್ಮ ಶಕುಂತಲೆಯ ಮುಷ್ಟಿ ಹಿಡಿದು ಗಾಯದ ಮೇಲ್ಭಾಗಕ್ಕೆ ಅದುಮಿದಳು. ಚಿಮ್ಮುವುದು ನಿಂತಿತು.

"ಮೈಭಾರ ಎಲ್ಲ ಹಾಕು. ಎರಡು ನಿಮಿಷ ಕೈ ಬಿಟ್ಟರೆ ಜೀವ ಹೋಗ್ತದೆ. ಮಡಿಕೇರಿ ಡಾಕ್ಟರು ಮುಟ್ಟುವ ತನಕ ತೆಗೀಬೇಡ."

ಹೊತ್ತು ತಂದವರು ಎಸ್ಟೇಟಿನ ಜೀಪು ತರಲು ಓಡಿದರು. ಅವರು ತಿರುವಿನಲ್ಲಿ ಮರೆಯಾದರೋ ಇಲ್ಲವೋ, ಸುಬ್ಬ ಬಂದ. ಕೈಯಲ್ಲಿ ಜೋಡಿ ನಳಿಗೆಯ ಕೋವಿ. ಅರ್ಧ ಕೊಂದು ಬಿಟ್ಟರೆ ಆ ಪಾಪಿಗೆ ಸಮಾಧಾನವಿರಲಿಲ್ಲ.

ಬೋಜಮ್ಮ ಬಾಗಿಲಲ್ಲೇ ಕೋವಿಗೆ ಜೋತುಬಿದ್ದಳು. ಒಂದು ಗುಂಡು ಹೆಂಚು ಒಡೆಯಿತು, ಇನ್ನೊಂದು ಔಷಧಿಯ ಬೀರುವನ್ನು ಪುಡಿ ಮಾಡಿತು. ಸುಬ್ಬ ಕೋವಿ ಕಿತ್ತುಕೊಂಡು ಅದರ ಹಿಡಿಯಿಂದ ಅವಳ ದವಡೆಗೆ ಅಪ್ಪಳಿಸಿದ. ಮೂಳೆ ಮುರಿದದ್ದು ಕೇಳಿಸಿತು. ಅವಳು ಎಚ್ಚರ ತಪ್ಪಿ ಬಿದ್ದಳು. ಆಮೇಲೆ ಶಕುಂತಲೆಯ ಸರದಿ.

"ಬಿಡು ಅವನ."

"ಬಿಡಲ್ಲ."

ಮೊದಲ ಏಟಿಗೆ ಎಡಹೆಗಲು ಮುರಿಯಿತು. ಎರಡನೆಯದು ಬೆನ್ನಿಗೆ ಬಿತ್ತು. ಭಯಕ್ಕೆ ಅವಳ ಲಂಗ ಒದ್ದೆಯಾಯಿತು, ಇಲ್ಲಿಗೆ ಕಳಿಸಿದ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಬಲಮುಷ್ಟಿ ಮಾತ್ರ ಕದಲಲಿಲ್ಲ. ಸುಬ್ಬ ಬಗ್ಗಿ ಜಯಪ್ಪನ ಬಿಳಿಚಿದ ಮುಖ ನೋಡಿದ, ಸತ್ತನೆಂದುಕೊಂಡ, ಉಗುಳಿ ಕಾಡಿನತ್ತ ನಡೆದುಬಿಟ್ಟ.

ಜೀಪು ಬರಲಿಲ್ಲ. ಒಂದು ಗಂಟೆ ಕಳೆಯಿತು. ಕೂಗಿದರೆ ಕೇಳಲು ಸುತ್ತ ಕಾಫಿ ಗಿಡ ಬಿಟ್ಟರೆ ಯಾರೂ ಇಲ್ಲ. ಮುಷ್ಟಿಯ ಅಡಿಯಲ್ಲಿ ನಾಡಿ ಮಿಡಿಯುತ್ತಿತ್ತು. ಅದೊಂದೇ ಅವಳಿಗೆ ಧೈರ್ಯ.

ಕೊನೆಗೆ ಜನ ಬಂದರು. ಬಿಳಿ ಬಟ್ಟೆ ಉಟ್ಟು, ತಲೆ ತಗ್ಗಿಸಿ, ನಿಧಾನವಾಗಿ ಬಂದರು. ಸಾವಾದರೆ ಜೋಡಿ ಗುಂಡು ಹಾರಿಸಿ ಊರಿಗೆ ತಿಳಿಸುವುದು ಅಲ್ಲಿಯ ರೂಢಿ. ಜೀಪಿಗೆ ಹೋದವರು ದಾರಿಯಲ್ಲೇ ಎರಡು ಗುಂಡಿನ ಸದ್ದು ಕೇಳಿ, ಜಯಪ್ಪ ಹೋದ, ಇನ್ನೇಕೆ ಅವಸರ ಎಂದು ಬಟ್ಟೆ ಬದಲಿಸಲು ಮನೆಗೆ ತಿರುಗಿದ್ದರು.

ಮುಂದೆ ಬಂದವಳು ಜಯಪ್ಪನ ತಾಯಿ ಬೊಳ್ಳಮ್ಮ. "ಸಾಕು ಮಗಳೇ. ಅವನ ಸ್ನಾನ ಮಾಡ್ಸೊಕು. ಕೈ ತೆಗಿ."

"ಸತ್ತಿಲ್ಲ ಕಣಜ್ಜಿ." ಶಕುಂತಲೆ ಮುಷ್ಟಿಯನ್ನು ಇನ್ನಷ್ಟು ಅದುಮಿದಳು.

ಹುಡುಗಿಗೆ ಬುದ್ಧಿ ಕಲಕಿದೆ ಎಂದುಕೊಂಡು ಇಬ್ಬರು ಹೆಂಗಸರು ಮುರಿದ ಹೆಗಲನ್ನೇ ಹಿಡಿದೆಳೆದರು. ಬೊಳ್ಳಮ್ಮ ಅವಳ ಮುಷ್ಟಿಯನ್ನು ಎರಡೂ ಕೈಯಿಂದ ಕಿತ್ತಳು. ರಕ್ತ ಚಿಲ್ಲನೆ ಆ ಬಿಳಿ ಸೀರೆಗೆ ಹಾರಿತು. ಶಕುಂತಲೆ ಒಬ್ಬಳ ಮಣಿಕಟ್ಟು ಕಚ್ಚಿ ಬಿಡಿಸಿಕೊಂಡು ಬೊಳ್ಳಮ್ಮನ ಕೆನ್ನೆಗೆ ಬಾರಿಸಿದಳು. ಮುದುಕಿ ಗೋಡೆಗೆ ಬಿದ್ದಳು. ಹುಡುಗಿ ಮಂಚ ಹತ್ತಿ ಮೊಣಕಾಲನ್ನೇ ಗಾಯದ ಮೇಲ್ಭಾಗಕ್ಕೆ ಊರಿದಳು.

"ಸತ್ತೋರ ರಕ್ತ ಹಿಂಗೆ ಚಿಮ್ಮುತ್ತೇನ್ರೋ? ಜೀಪು ತರ್ರೋ, ನಾಯಿಗಳಾ."

ಮಡಿಕೇರಿಯವರೆಗೂ ಆ ಮೊಣಕಾಲು ಮೇಲೇಳಲಿಲ್ಲ.

ಮೂರನೆಯ ದಿನ ಕರಿಬಸಪ್ಪ ಆಸ್ಪತ್ರೆಗೆ ಓಡಿಬಂದ. ಜಯಪ್ಪನ ಒಂದು ಕಾಲು ಹೋಗಿತ್ತು, ಉಸಿರು ಉಳಿದಿತ್ತು. ಬೋಜಮ್ಮನ ದವಡೆಗೆ ಕಟ್ಟು ಬಿದ್ದಿತ್ತು. ಸುಬ್ಬ ಇನ್ನೂ ಸಿಕ್ಕಿರಲಿಲ್ಲ. ಹೆಗಲಿಗೆ ಪಟ್ಟಿ ಬಿಗಿಸಿಕೊಂಡು ಮಲಗಿದ್ದ ಶಕುಂತಲೆಗೆ, ಕೆನ್ನೆ ಊದಿ ನೀಲಿಗಟ್ಟಿದ ಮುದುಕಿಯೊಬ್ಬಳು ಗಂಜಿ ಕುಡಿಸುತ್ತಿದ್ದಳು.

"ಆ ಪಾಪಿ ನಿಮಗೂ ಹೊಡೆದ್ನೇನಮ್ಮ?" ಎಂದು ಕರಿಬಸಪ್ಪ ಕೇಳಿದ.

"ಅವ ಅಲ್ಲ, ನಿಮ್ಮ ಮಗಳು ಹೊಡ್ದದ್ದ್," ಎಂದಳು ಬೊಳ್ಳಮ್ಮ, ಚಮಚ ಕೆಳಗಿಡದೆ. "ನಾನ್ ನನ್ನ ಮಗನ ಕೊಲ್ತಿದ್ದೆ."