ಇಪ್ಪತ್ತಮೂರನೇ ಸಾಲಿನ ಪ್ಲಗ್ಗು

ಮೂರನೆಯ ದೂರು ಬಂದ ದಿನ ನಮ್ಮ ಮುಖ್ಯಸ್ಥರು ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಅಜ್ಜಿ ಮತ್ತೆ ಬರೆದಿದಾರೆ ನೋಡಿ" ಎಂದರು.

ಅವರು ನನಗೆ ಅಜ್ಜಿಯೂ ಅಲ್ಲ, ಪರಿಚಿತರೂ ಅಲ್ಲ. ಹಿಂದಿನ ಎರಡು ದೂರುಗಳಿಗೆ ಉತ್ತರ ಬರೆದವಳು ನಾನಾದ್ದರಿಂದ ವಿಭಾಗದವರೆಲ್ಲ ಸೇರಿ ನಂಟು ಕಟ್ಟಿದ್ದರು. ಎರಡು ಸಲವೂ ನಾನು ಬರೆದದ್ದು ಒಂದೇ ಸಾಲು: ಪರೀಕ್ಷಿಸಲಾಗಿದೆ, ದೋಷ ಕಂಡುಬಂದಿಲ್ಲ.

ವಿಮಾನ ದುರಸ್ತಿ ಶೆಡ್ಡಿನಲ್ಲಿ ನನ್ನದು ಪ್ರಯಾಣಿಕರ ಕೋಣೆಯ ವಿದ್ಯುತ್ ಕೆಲಸ. ಓದುವ ದೀಪ, ಸೀಟಿನ ಬೆನ್ನಿನ ಪರದೆ, ಊಟ ಬಿಸಿಮಾಡುವ ಒಲೆ, ಫೋನಿಗೊಂದು ಪ್ಲಗ್ಗು. ಇಂಜಿನ್ನು ತಿರುಗುವಾಗ ಅದರ ಜೊತೆ ತಿರುಗುವ ಜನರೇಟರು ಇವಕ್ಕೆಲ್ಲ ವಿದ್ಯುತ್ತು ಕೊಡುತ್ತದೆ. ಅದು ಮನೆಯ ವಿದ್ಯುತ್ತಿನಂಥದಲ್ಲ. ಸೀಟಿನ ಕೆಳಗಿನ ಒಂದು ಪೆಟ್ಟಿಗೆ ಅದನ್ನು ನಮ್ಮ ಚಾರ್ಜರುಗಳಿಗೆ ಒಗ್ಗುವಂತೆ ಪಳಗಿಸುತ್ತದೆ. ಜನರೇಟರೊಂದು ಕೈಕೊಟ್ಟರೆ ವಿಮಾನ ತಾನಾಗಿಯೇ ಮೊದಲು ಒಲೆ, ಪರದೆ, ಪ್ಲಗ್ಗುಗಳನ್ನು ಬಿಟ್ಟುಕೊಡುತ್ತದೆ. ಹಾರಾಟಕ್ಕೆ ಬೇಕಾದವು ಕೊನೆಯವರೆಗೂ ಉಳಿಯುತ್ತವೆ. ನಮ್ಮ ವಿಭಾಗಕ್ಕೆ ಎಲ್ಲರಿಗಿಂತ ಕೊನೆಗೆ ಊಟ, ಎಲ್ಲರಿಗಿಂತ ಮೊದಲು ಉಪವಾಸ ಎಂದು ಮುಖ್ಯಸ್ಥರು ಹೇಳುವುದುಂಟು. ಶೆಡ್ಡಿನಲ್ಲಿ ನಮ್ಮನ್ನು ಕರೆಯುವುದೇ 'ಸುಖಸೌಕರ್ಯದವರು' ಎಂದು. ಕರೆಯುವಾಗ ತುಟಿ ಸ್ವಲ್ಪ ಸೊಟ್ಟಗಾಗಿರುತ್ತದೆ.

ಈ ಸಲ ಬಂದದ್ದು ಕೈಬರಹದ ಕಾಗದ. ಅಕ್ಷರಗಳು ಏರಿಳಿದಿದ್ದವು. ಗಂಡನಿಗೆ ಉಸಿರಾಟದ ಯಂತ್ರ ಬೇಕು, ತಿಂಗಳಿಗೊಮ್ಮೆ ದೂರದ ಆಸ್ಪತ್ರೆಗೆ ಹೋಗಬೇಕು. ನಿಯಮದಂತೆ ಹಾರಾಟಕ್ಕೆ ಸಾಲುವಷ್ಟು ಬ್ಯಾಟರಿ ಒಯ್ಯುತ್ತಾರೆ. ಆದರೆ ಇಳಿದ ಮೇಲೆ ಎರಡು ಗಂಟೆಯ ಬಸ್ಸಿದೆ. ಅದಕ್ಕಾಗಿ ಖಾಲಿಯಾದ ಬ್ಯಾಟರಿ ವಿಮಾನದಲ್ಲೇ ಮತ್ತೆ ತುಂಬಬೇಕು. ಮೂರು ಸಲವೂ ತುಂಬಲಿಲ್ಲ. ಕಳೆದ ಸಲ ಬಸ್ಸಿನಲ್ಲೇ ಯಂತ್ರ ನಿಂತು, ನಡುದಾರಿಯ ಯಾವುದೋ ದವಾಖಾನೆಯಲ್ಲಿ ಇಳಿದರಂತೆ. "ವಿಮಾನದಲ್ಲಿ ಗಗನಸಖಿಯರೆಲ್ಲ ಓಡಾಡುತ್ತಿದ್ದರು, ಕರೆಯಲು ಸಂಕೋಚವಾಯಿತು. ಈ ಗುರುವಾರವೂ ಹೀಗೇ ಆದರೆ ಚಿಕಿತ್ಸೆಯೇ ಸಾಕು ಎಂದು ಯಜಮಾನರು ಹೇಳಿದ್ದಾರೆ. ಅವರು ಹೇಳಿದ್ದನ್ನು ಮಾಡುವವರು." ಅಲ್ಲಿಗೆ ಕಾಗದ ಮುಗಿದಿತ್ತು.

ಮುಖ್ಯಸ್ಥರು ಕೆಟ್ಟವರಲ್ಲ, ಲೆಕ್ಕಾಚಾರದವರು. ಮೂರು ಪ್ರಯಾಣ, ಮೂರು ಬೇರೆ ಬೇರೆ ವಿಮಾನ. ಇಪ್ಪತ್ತಮೂರನೇ ಸಾಲು ಮಾತ್ರ ಅದೇ, ಶೌಚಾಲಯಕ್ಕೆ ಹತ್ತಿರ ಎಂದು ಆ ದಂಪತಿಯೇ ಕೇಳಿ ಪಡೆಯುತ್ತಿದ್ದದ್ದು. "ವಿಮಾನ ಬದಲಾದ್ರೂ ದೂರು ಬದಲಾಗಲ್ಲ. ಅಂದ್ಮೇಲೆ ಕೆಟ್ಟಿರೋದು ವಿಮಾನ ಅಲ್ಲ" ಎಂದರು.

ನಾನು ಬೀಗ ಹಾಕಿದ ಮೇಲೂ ನಾಲ್ಕು ಸಲ ಎಳೆದು ನೋಡುವವಳು. ಅಂದು ಮೂರನೆಯ ವಿಮಾನಕ್ಕೂ ಹೋಗಿ, ಪರೀಕ್ಷೆಯ ಪ್ಲಗ್ಗನ್ನು ಹತ್ತು ಸಲ ಚುಚ್ಚಿದೆ. ಹತ್ತು ಸಲವೂ ಸೀಟಿನ ಪ್ಲಗ್ಗಿನ ಪಕ್ಕದ ಹಸಿರು ದೀಪ ಹೊತ್ತಿತು. ಬರೆಯಬೇಕಾದ ಸಾಲು ಗೊತ್ತಿತ್ತು, ಬರೆಯಲು ಮಾತ್ರ ಕೈ ಬರಲಿಲ್ಲ. ನಾಳೆ ಬರೆದರಾಯಿತು ಎಂದು ದೂರಿನ ಪುಸ್ತಕ ಮುಚ್ಚಿದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಎರಡೂ ಕೈಗೆ ಸೋಪಿನ ನೊರೆ. ಅಮ್ಮನ ಫೋನು ಸತ್ತಿತ್ತು. ಅಮ್ಮನಿಗೆ ಕೈ ನಡುಗುವ ಕಾಯಿಲೆ ಶುರುವಾಗಿ ಮೂರು ವರ್ಷ. ಚಾರ್ಜರು ಚುಚ್ಚುವುದು, ಗುಂಡಿ ಹಾಕುವುದು, ಎಲ್ಲ ನಾನೇ. ಅಂದು ಕಾಯುವ ತಾಳ್ಮೆ ಇಲ್ಲದೆ ಅವಳೇ ಚುಚ್ಚಿದಳು. ಟಕ್, ಟಕ್.

ನಲ್ಲಿ ನಿಲ್ಲಿಸಿ, ಇನ್ನೊಮ್ಮೆ ಚುಚ್ಚು ಎಂದೆ. ಮತ್ತೆ ಎರಡು ಸದ್ದು. ನಾನು ಚುಚ್ಚಿದರೆ ಒಂದೇ ಸದ್ದು ಬರುತ್ತದೆ. ಅಮ್ಮನ ಕೈಯಲ್ಲಿ ಪ್ಲಗ್ಗಿನ ಒಂದು ಕಡ್ಡಿ ಮೊದಲು ಒಳಹೋಗಿ, ಇನ್ನೊಂದು ದಾರಿ ಹುಡುಕಿಕೊಂಡು ಆಮೇಲೆ ಹೋಗುತ್ತಿತ್ತು.

ಮನೆಯ ಗೋಡೆಗೆ ಅದು ಲೆಕ್ಕಕ್ಕಿಲ್ಲ. ನಮ್ಮ ಸೀಟಿನ ಪೆಟ್ಟಿಗೆಗೆ ಲೆಕ್ಕವಿದೆ. ಮಕ್ಕಳು ಪಿನ್ನೋ ತಂತಿಯೋ ತೂರಿಸಿದರೆ ಶಾಕ್ ಹೊಡೆಯದಿರಲೆಂದು, ಪ್ಲಗ್ಗಿನ ಎರಡೂ ಕಡ್ಡಿ ಒಟ್ಟಿಗೆ ಒಳಬಂದರೆ ಮಾತ್ರ ಅದು ವಿದ್ಯುತ್ತು ಬಿಡುತ್ತದೆ. ಒಂದು ತಡವಾದರೆ ಇದು ಪ್ಲಗ್ಗಲ್ಲ ಎಂದುಕೊಂಡು ಸುಮ್ಮನಿದ್ದುಬಿಡುತ್ತದೆ. ಇದನ್ನು ನಾನು ತರಬೇತಿಯಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆದಿದ್ದೆ. ದಿನಕ್ಕೆ ನೂರು ಪ್ಲಗ್ಗು ಚುಚ್ಚುವ ಕೈ ಅದನ್ನು ಎಂದೋ ಮರೆತಿತ್ತು.

"ಏನೇ ಹಾಗೆ ಗುಡ್ಡೆ ಕಣ್ಣು ಬಿಟ್ಕೊಂಡು ನೋಡ್ತೀಯ? ನೋಡ್ತಾ ನಿಂತ್ರೆ ಇನ್ನೂ ನಡುಗುತ್ತೆ. ಆ ಕಡೆ ತಿರುಗು" ಎಂದಳು ಅಮ್ಮ.

ತಿರುಗಿದೆ. ಟಕ್, ಒಂದೇ ಸದ್ದು. ಹೇಗೆ ಮಾಡಿದೆ ಎಂದು ಕೇಳಿದ್ದಕ್ಕೆ, ಕಿರುಬೆರಳನ್ನು ಗೋಡೆಗೆ ಊರಿದರೆ ಕೈಗೊಂದು ಊರುಗೋಲು ಸಿಕ್ಕಂತೆ, ಇಷ್ಟು ವರ್ಷ ಕಾಲೇಜಿಗೆ ಹೋಗಿ ಅಷ್ಟೂ ಗೊತ್ತಾಗಲಿಲ್ಲವೇ ಎಂದು ನನ್ನನ್ನೇ ಕೇಳಿದಳು.

ಶೆಡ್ಡಿನಲ್ಲಿ ಪರೀಕ್ಷೆಯ ಮೇಜಿನ ಮುಂದೆ ಮುಖ್ಯಸ್ಥರನ್ನು ನಿಲ್ಲಿಸಿ ಪ್ಲಗ್ಗನ್ನು ಓರೆಯಾಗಿ, ನಿಧಾನವಾಗಿ ಚುಚ್ಚಿದೆ. ದೀಪ ಹೊತ್ತಲಿಲ್ಲ. ಇಪ್ಪತ್ತು ಸಲ ಚುಚ್ಚಿದರೂ ಹೊತ್ತಲಿಲ್ಲ. ಅವರು ನನ್ನ ಕೈಯಿಂದ ಕಿತ್ತುಕೊಂಡು ಎಡಗೈಯಲ್ಲಿ ತಾವೇ ಚುಚ್ಚಿ ನೋಡಿದರು. ಆಗಲೂ ಹೊತ್ತಲಿಲ್ಲ. ಆಮೇಲೆ, ಗುರುವಾರ ವಿಮಾನ ಹತ್ತುವ ಮೊದಲು ನನಗೆ ಕಾಲು ಗಂಟೆ ಕೊಡಿಸುವುದಾಗಿ ಹೇಳಿದರು.

ಗಾಲಿಕುರ್ಚಿಯವರನ್ನು ಎಲ್ಲರಿಗಿಂತ ಮೊದಲು ಹತ್ತಿಸುತ್ತಾರೆ. ನೆಲದ ಮೇಲೆ ನಿಂತ ವಿಮಾನಕ್ಕೆ ಹೊರಗಿನ ಕೇಬಲ್ಲಿನಿಂದ ವಿದ್ಯುತ್ತು ಬರುತ್ತಿತ್ತು. ಪ್ಲಗ್ಗುಗಳನ್ನು ಚಾಲೂ ಮಾಡಿಸಿ ನಾನು ಕಾದೆ. ಮುದುಕರು ಕಿಟಕಿಯ ಪಕ್ಕ ಕುಳಿತರು, ಮೂಗಿಗೆ ಸಣ್ಣ ನಳಿಕೆ, ಪಾದದ ಬಳಿ ಯಂತ್ರ. ನನ್ನ ಸಮವಸ್ತ್ರ ನೋಡಿ, "ಮತ್ತೆ ಸರಿಯಿದೆ ಅಂತ ಹೇಳಕ್ಕೆ ಬಂದ್ಯೇನಮ್ಮ?" ಎಂದರು. ನಿಮ್ಮ ಮನೆಯವರೇ ಒಮ್ಮೆ ಚುಚ್ಚಿ ತೋರಿಸಲಿ ಎಂದೆ.

ಅವರ ಹೆಂಡತಿ ಪ್ಲಗ್ಗು ಹಿಡಿದರು. ಅಮ್ಮನ ಕೈಯಂಥದೇ ಕೈ. ಟಕ್, ಟಕ್. ದೀಪ ಹೊತ್ತಲಿಲ್ಲ. ಕಾರಣ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಹಾಗಾದ್ರೆ ತಪ್ಪು ನನ್ನದೇ."

"ಅಲ್ಲಮ್ಮ, ತಪ್ಪು ನನ್ನದು. ನಾನು ಪರೀಕ್ಷೆ ಮಾಡಿದ್ದು ನನ್ನ ಕೈಯಿಂದ. ನಿಮ್ಮ ಕೈ ನೆನಪಾಗಲಿಲ್ಲ."

ನಾನೇ ಚುಚ್ಚಿಬಿಡಬಹುದಿತ್ತು. ಆದರೆ ವಾಪಸು ಬರುವಾಗ, ಮುಂದಿನ ತಿಂಗಳು, ನಾನಿರುವುದಿಲ್ಲ. ಕರೆಯಲು ಅವರಿಗೆ ಸಂಕೋಚ. ಗಗನಸಖಿಗೆ ಹೇಳಿಟ್ಟಿದ್ದೇನೆ, ಒಮ್ಮೆ ಕರೆದರೆ ಸಾಕು ಎಂದೆ. ಆಮೇಲೆ ಅಮ್ಮ ಹೇಳಿದ್ದನ್ನು ಹೇಳಿದೆ: ಕಿರುಬೆರಳನ್ನು ಸೀಟಿನ ಚೌಕಟ್ಟಿಗೆ ಊರಿ, ಆಮೇಲೆ ತಳ್ಳಿ. ಅವರು ಊರಿದರು. ಟಕ್, ಟಕ್. ಹೊರಗೆ ಪ್ರಯಾಣಿಕರ ಸಾಲು ಚಲಿಸತೊಡಗಿತ್ತು. ಇನ್ನೊಮ್ಮೆ. ಮತ್ತೂ ಎರಡೇ. ಮುದುಕರು ಕಣ್ಣು ಮುಚ್ಚಿ, "ಬಿಡೇ, ಸಾಕು" ಎಂದರು. ಅವರು ಹೇಳುತ್ತಿದ್ದದ್ದು ಪ್ಲಗ್ಗಿನ ಮಾತಲ್ಲ ಎಂದು ನಮ್ಮಿಬ್ಬರಿಗೂ ತಿಳಿದಿತ್ತು.

ಆಗ ನಾನು ಏನು ಮಾಡುತ್ತಿದ್ದೇನೆಂದು ನನಗೇ ಹೊಳೆಯಿತು. ಆ ಅಮ್ಮನ ಬೆರಳುಗಳನ್ನೇ ನೋಡುತ್ತಿದ್ದೆ. ಬೆನ್ನು ತಿರುಗಿಸಿ ಆಚೆ ಸಾಲಿನ ಕಿಟಕಿಯ ಕಡೆ ನೋಡಿದೆ. ರೆಕ್ಕೆಯ ಕೆಳಗೆ ಯಾರೋ ಬಗ್ಗಿ ಚಕ್ರ ಪರೀಕ್ಷಿಸುತ್ತಿದ್ದರು. ಅದನ್ನೇ ನೋಡುತ್ತ ನಿಂತೆ.

ಹಿಂದಿನಿಂದ ಒಂದು ಸದ್ದು ಬಂತು. ಒಂದೇ.

ನಾನು ಕೂಡಲೇ ತಿರುಗಲಿಲ್ಲ. "ಹಸಿರಾಯ್ತು ಕಣ್ರೀ" ಎಂದು ಅವರು ಗಂಡನಿಗೆ ಹೇಳುವುದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಮುದುಕರ ದನಿ, ಮೊದಲಿಗಿಂತ ಮೆತ್ತಗೆ, ಎರಡನೇ ಬ್ಯಾಟರಿ ಯಾವ ಚೀಲದಲ್ಲಿದೆ ಎಂದು ಕೇಳಿತು.