ದೊಡ್ಡ ಬರದಾಗ ಹುಟ್ಟಿದವರು

"ತಲಿ ಅಲ್ಲಾಡಿಸಬ್ಯಾಡ," ಎನ್ನುತ್ತ ಹೊನ್ನವ್ವ ಗಂಡನ ಕೂದಲಿಗೆ ವಿಭೂತಿ ಉಜ್ಜಿದಳು. ಮೀಸೆಗೆ ಉಜ್ಜಿದಳು, ಹುಬ್ಬಿಗೂ ಬಳಿದಳು. ಇಪ್ಪತ್ತೆಂಟರ ಕಳಕಪ್ಪ ನೋಡುನೋಡುತ್ತ ಮುದುಕನಾದ. ಪಡಸಾಲೆಯಲ್ಲಿ ಅವನ ತಾಯಿ ಸಿದ್ದಲಿಂಗವ್ವನ ಹೆಣವನ್ನು ಗೋಡೆಗೆ ಆನಿಸಿ ಕೂಡಿಸಿದ್ದರು. ಶಿರೋಳಕ್ಕೆಲ್ಲ ಒಬ್ಬಳೇ ಸೂಲಗಿತ್ತಿ, ಆ ದಿನ ನಸುಕಿನಲ್ಲಿ ತೀರಿಕೊಂಡಿದ್ದಳು. ಸೊಸೆಯಾದವಳು ಗಂಟಲು ಹರಿಯುವಂತೆ ಅಳಬೇಕಿತ್ತು. ಆದರೆ ಅಂಜಿಕೆ ಅವಳನ್ನು ಅಳುವುದಕ್ಕೂ ಬಿಡಲಿಲ್ಲ.

"ಇನ್ನೂ ಹೊತ್ತೈತಿ, ಹಿತ್ತಲಿಂದ ಓಡು. ನಿನ್ನಂಗ ಸುಳ್ಳು ವಯಸ್ಸು ಬರೆಸಿದ ಆರೂ ಮಂದಿ ಹೊಳಿದಂಡಿ ಜಾಲಿಗಿಡದಾಗ ಅಡಗ್ಯಾರ."

"ಅವ್ವಗ ಹೆಗಲು ಕೊಡೂದು ಬಿಟ್ಟ?"

"ನಿನ್ನ ಹಗ್ಗ ಹಾಕಿ ಒಯ್ದರ ನನಗ್ಯಾರು ಹೆಗಲು ಕೊಡತಾರ?"

ಅಷ್ಟರಲ್ಲಿ ನೆರೆಮನೆಯ ಮುದುಕ ನೀಲಪ್ಪ ಬಾಗಿಲಲ್ಲಿ ಇಣುಕಿದ. "ಬಂದ್ರವ್ವಾ. ಕಾರಕೂನ ಬಂದ. ಸಂಗಡ ಇಬ್ಬರು ಸವಾರರು ಅದಾರ."

ನರಗುಂದದ ಕೋಟೆ ಕಂಪನಿ ದಂಡಿಗೆ ಬಿದ್ದು ತಿಂಗಳಾಗಿತ್ತು. ಶಿರೋಳದಿಂದ ಅಲ್ಲಿ ಕಾದಾಡಲು ಹೋಗಿದ್ದ ಹನ್ನೆರಡು ಮಂದಿಯಲ್ಲಿ ಒಬ್ಬನೂ ತಿರುಗಿ ಬಂದಿರಲಿಲ್ಲ. ಈಗ ಕಂಪನಿ ಸರ್ಕಾರದವರು ಉಳಿದವರನ್ನೂ ಹುಡುಕುತ್ತಿದ್ದರು. ಹದಿನಾರು ದಾಟಿದ, ನಲವತ್ತೈದು ಮೀರದ ಗಂಡಸು ಎಲ್ಲಿ ಸಿಕ್ಕರೂ ಕೈಗೆ ಹಗ್ಗ. ಹಾಗೆ ಹೋದವರ ಹೆಂಡಂದಿರು ಕುಂಕುಮ ಇಡಬೇಕೋ ಅಳಿಸಬೇಕೋ ತಿಳಿಯದೆ ಕೂತಿದ್ದರು.

*

ಎಂಟು ದಿನದ ಹಿಂದೆ ಇದೇ ಕಾರಕೂನ ಚಾವಡಿಯಲ್ಲಿ ಕೂತು ಊರ ಗಂಡಸರ ವಯಸ್ಸು ಬರೆದುಕೊಂಡಿದ್ದ. ತನ್ನ ವಯಸ್ಸು ತನಗೇ ಗೊತ್ತಿದ್ದವನು ಊರಲ್ಲಿ ಯಾರಿದ್ದಾನೆ? ಎಲ್ಲರನ್ನೂ ಭೂಮಿಗೆ ತಂದ ಸಿದ್ದಲಿಂಗವ್ವನನ್ನೇ ಕರೆಸಿದರು. ದೀಪ ಹಚ್ಚುವ ಹೊತ್ತು. ಹರೆಯದ ಗಂಡಸರು ಮುದುಕರಂತೆ ಕಂಬಳಿ ಹೊದ್ದು ಕೆಮ್ಮುತ್ತ ಒಬ್ಬೊಬ್ಬರೇ ಬಂದರು.

"ಇವ?"

"ದೊಡ್ಡ ಬರದಾಗ ಹುಟ್ಟ್ಯಾನರಿ."

ಕಾರಕೂನ ಬೆರಳು ಮಡಚಿ ಎಣಿಸಿ, ಐವತ್ತೈದು ಎಂದು ಬರೆದ.

"ಇವ?"

"ಇವನೂ ದೊಡ್ಡ ಬರದಾಗರಿ."

ಏಳನೆಯವನು ಕಳಕಪ್ಪ. ಅವನ ಹೊತ್ತಿಗೆ ಲೇಖನಿ ನಿಂತಿತು. "ಏನ ಮುದುಕಿ, ಹೊಟ್ಟಿಗೆ ಕೂಳಿಲ್ಲದ ವರ್ಷ ಇಷ್ಟು ಮಂದಿ ಹ್ಯಾಂಗ ಹುಟ್ಟಿದ್ರು?"

"ಬಿತ್ತೂದಿಲ್ಲ, ಬೆಳಿಯೂದಿಲ್ಲ. ಮಂದಿಗೆ ಬ್ಯಾರೆ ಏನು ಕೆಲಸ ಇತ್ತರಿ ಯಪ್ಪಾ?"

ಸಿಪಾಯಿಗಳು ಕಿಸಕ್ಕನೆ ನಕ್ಕರು. ಕಾರಕೂನ ಮಾತ್ರ ನಗಲಿಲ್ಲ. "ನಿನಗೆಷ್ಟು ವಯಸ್ಸು?"

"ಹಡದಾಕಿ ಸತ್ತಳು, ಹಡಿಸಿದಾಕಿನೂ ಸತ್ತಳು. ಯಾರನ್ನ ಕೇಳ್ಲಿರಿ?"

ಎಂಥ ಗಟ್ಟಿ ಗುಂಡಿಗೆ ಎಂದು ಊರೆಲ್ಲ ಹೊಗಳಿತು. ಮನೆಗೆ ಬಂದ ಮೇಲೆ ಆ ಗುಂಡಿಗೆ ಹೊಡೆದುಕೊಂಡ ಬಗೆ ಕಂಡವಳು ಹೊನ್ನವ್ವ ಒಬ್ಬಳೇ. ಕೌದಿ ಹೊದ್ದು ಮಲಗಿದ ಮುದುಕಿ ಮತ್ತೆ ಏಳಲಿಲ್ಲ. ಕಡೆಯ ದಿನ ಸೊಸೆಯ ಮುಂಗೈ ಹಿಡಿದು, "ನನ್ನ ಮಗನ್ನ ನಾ ಮುದುಕನ್ನ ಮಾಡೀನವ್ವಾ," ಎಂದಳು. "ಖರೇ ಮುದುಕ ಆಗೂತನಕ ನೀ ಕಾಯಿ."

*

ಸಿದ್ದಲಿಂಗವ್ವನನ್ನು ಹೆಣ ಹೊರುವ ವಿಮಾನದಲ್ಲಿ ಕೂಡಿಸಿ ಎತ್ತಿದರು. ಮುಂದೆ ಪ್ರಭುಲಿಂಗಪ್ಪ ಮತ್ತು ನೀಲಪ್ಪ, ಹಿಂದೆ ಅರ್ಜುನಪ್ಪ ಮತ್ತು ಕಳಕಪ್ಪ. ಮೂವರು ಖರೇ ಮುದುಕರು, ಒಬ್ಬ ಬರೆಸಿದ ಮುದುಕ. ಆಷಾಢದ ಎರೆಮಣ್ಣು ಹೆಜ್ಜೆಹೆಜ್ಜೆಗೂ ಕಾಲಿಗೆ ಮೆತ್ತಿಕೊಳ್ಳುತ್ತಿತ್ತು. ಪಕ್ಕದಲ್ಲೇ ಕಾರಕೂನನ ಕುದುರೆ ಸಾವಕಾಶ ನಡೆದು ಬಂತು. ಸಾವಿನ ಮನೆಗೆ ಮಗ ಬಂದೇ ಬರುತ್ತಾನೆಂದು ಅವನಿಗೆ ಗೊತ್ತಿತ್ತು.

"ಮಗ ಯಾರು?"

"ಹಿಂದ ಎಡಕಿನಾಂವರಿ," ಎಂದ ನೀಲಪ್ಪ, ಏದುಸಿರಿನಲ್ಲಿ. "ದೊಡ್ಡ ಬರದಾಗ ಹುಟ್ಟಿದಾಂವ."

"ಭಾಳ ಗಟ್ಟಿ ಮುದುಕ ಬಿಡು."

ಹೊನ್ನವ್ವ ಹೆಜ್ಜೆ ಚುರುಕು ಮಾಡಿ ಹತ್ತಿರ ಬಂದಳು. ಗಂಡನ ಕಿವಿಯ ಹಿಂದೆ ಬೆವರು ಇಳಿದು, ವಿಭೂತಿ ಕರಗಿ, ಒಂದು ಬೆರಳಗಲ ಕಪ್ಪು ಕೂದಲು ಕಾಣುತ್ತಿತ್ತು. ಅಲ್ಲಿ ಕೈ ಹಾಕಿದರೆ ಕಾರಕೂನ ನೋಡುತ್ತಾನೆ, ಹಾಕದಿದ್ದರೂ ನೋಡುತ್ತಾನೆ. ಯಪ್ಪಾ ಶಿವನೇ, ಇನ್ನು ನೂರು ಹೆಜ್ಜೆ ಕಾಯಿ ಎಂದು ಬೇಡಿಕೊಂಡಳು.

ಬದುವಿನ ಹತ್ತಿರ ಪ್ರಭುಲಿಂಗಪ್ಪನ ಕಾಲು ಕೆಸರಿನಲ್ಲಿ ಹೂತು, ಮೊಣಕಾಲು ಮಡಚಿತು. ನೀಲಪ್ಪ ಮುಗ್ಗರಿಸಿದ. ಅರ್ಜುನಪ್ಪನ ಕೈ ಜಾರಿತು. ಭಾರವೆಲ್ಲ ಒಂದೇ ಹೆಗಲಿಗೆ ಬಂತು, ಮತ್ತು ಆ ಹೆಗಲು ಅದನ್ನು ತಡೆಯಿತು. ಕಳಕಪ್ಪನ ಬೆನ್ನು ನೆಟ್ಟಗಾಯಿತು, ಕತ್ತಿನ ನರ ಉಬ್ಬಿದವು. ವಿಮಾನ ಅಲುಗಾಡದೆ ನಿಂತಿತು.

ಕುದುರೆಯೂ ನಿಂತಿತು.

ಕಳಕಪ್ಪ ಹೆಂಡತಿಯ ಮುಖ ನೋಡಿದ. ಅವನ ಕಣ್ಣು ಬಿಡಲಾರೆ ಬಿಡಲಾರೆ ಎನ್ನುತ್ತಿತ್ತು. ಹೊನ್ನವ್ವ ತುಟಿ ಮಾತ್ರ ಅಲ್ಲಾಡಿಸಿದಳು. ಬಿಡು.

ಅವನು ಹೆಗಲು ಇಳಿಬಿಟ್ಟ. ಸಿದ್ದಲಿಂಗವ್ವ ಮುಂದಕ್ಕೆ ವಾಲಿ, ವಿಮಾನದಿಂದ ಜಾರಿ, ಮುಖ ಕೆಳಗಾಗಿ ಕೆಸರಿಗೆ ಬಿದ್ದಳು. ಹೆಂಗಸರು ಬಾಯಿ ಬಡಿದುಕೊಂಡರು. ಕಳಕಪ್ಪ ಅವಳ ಪಕ್ಕದಲ್ಲಿ ಕುಸಿದು, ಮುದುಕರು ನಡುಗುವಂತೆ ನಡುಗಿದ. ಆ ನಡುಕದಲ್ಲಿ ಸುಳ್ಳೇನೂ ಇರಲಿಲ್ಲ.

ಕಾರಕೂನ ಬಹಳ ಹೊತ್ತು ನೋಡಿದ. "ಬರೇ ಮುದುಕರ ಊರು," ಎಂದು ಲಗಾಮು ತಿರುಗಿಸಿದ. ಸವಾರರು ಹಿಂಬಾಲಿಸಿದರು.

ಕಳಕಪ್ಪ ಧೋತರದ ಚುಂಗಿನಿಂದ ತಾಯಿಯ ಮೂಗು, ಬಾಯಿ ಒರೆಸಿದ. ಆಮೇಲೆ ಅವಳ ಬೆನ್ನಿನಡಿ ಒಂದು ಕೈ, ಮೊಣಕಾಲಿನಡಿ ಒಂದು ಕೈ ಕೊಟ್ಟು, ಒಬ್ಬನೇ ಎತ್ತಿಕೊಂಡು ಎದ್ದು ನಿಂತ.

"ಕುದುರಿ ಇನ್ನೂ ಹಳ್ಳ ದಾಟಿಲ್ಲೋ ತಮ್ಮಾ!" ಅರ್ಜುನಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. "ಹೊಳ್ಳಿ ನೋಡಿದ್ರ ಮುಗೀತು!"

ಕಳಕಪ್ಪ ಕೇಳಿಸಿಕೊಳ್ಳಲಿಲ್ಲ. ಒಂದು ಗಿಡದ ಮರೆಯೂ ಇಲ್ಲದ ಬಯಲು ಹೊಲದಲ್ಲಿ ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತ ಹೂಳಲು ತೋಡಿಟ್ಟ ಗುಣಿಯ ಕಡೆ ನಡೆದ. ಅವನ ಬೆನ್ನಿಗೆ ಬೆನ್ನು ಕೊಟ್ಟು, ದೂರದ ಕುದುರೆಗಳ ಮೇಲೆ ಕಣ್ಣಿಟ್ಟು, ಸೆರಗನ್ನು ಎರಡೂ ಕೈಯಿಂದ ಅಗಲಕ್ಕೆ ಬಿಚ್ಚಿ ಹಿಡಿದು, ಹೊನ್ನವ್ವ ಹಿಂದುಹಿಂದಕ್ಕೆ ನಡೆದಳು.